ಗಣಿತದ ಸಾಧನೆ ಎಷ್ಟು ಉದ್ದ? ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿಯಲ್ಲಿ ‘ದತ್ತ, ಸಾಧನೀಯ, ರಚನೆ, ಸಾಧನೆ’ ಎಂದು ಸಾಲಾಗಿ ಬರೆದವರಿಗೆಲ್ಲ ಸಾಧನೆ ಎಂದರೆ ಒಂದು ಪುಟ, ಜಾಸ್ತಿ ಅಂದರೆ ಒಂದೂವರೆ. ಆಮೇಲೆ ಎಲ್ಲೋ ಒಂದು ಕಡೆ ‘1+1=2ಕ್ಕೆ ನೂರಾರು ಪುಟ’ ಅಂತ ಓದುತ್ತಾರೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಪ್ರೂಫ್, ಸಾಧನೆ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೇನೆ.

## ಮೊದಲು ಕೇಳುವವು

ಪ್ರೂಫ್ ಉದ್ದ ಅಂದ್ರೆ ಏನು? ಪುಟದ ಲೆಕ್ಕವಾ, ಸಾಲಿನ ಲೆಕ್ಕವಾ?

ಪುಟದ ಲೆಕ್ಕ ನಂಬಬೇಡಿ. ಅಕ್ಷರ ದೊಡ್ಡದಾದರೆ ಪುಟ ಹೆಚ್ಚುತ್ತದೆ. ‘ಇದು ಸ್ಪಷ್ಟ’ ಎಂದು ಬರೆದು ಮುಂದೆ ಹೋದರೆ ಪುಟ ಕಡಿಮೆಯಾಗುತ್ತದೆ. ಉದ್ದವನ್ನು ಸರಿಯಾಗಿ ಅಳೆಯಲು ಮೊದಲು ಒಂದು ಫಾರ್ಮಲ್ ವ್ಯವಸ್ಥೆ ಬೇಕು. ಅಂದರೆ ಬಳಸಬಹುದಾದ ಸಂಕೇತಗಳ ಪಟ್ಟಿ, ಒಪ್ಪಿಕೊಂಡ ಸ್ವಯಂಸಿದ್ಧಗಳು, ಮತ್ತು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವ ನಿಯಮಗಳು. ‘ಅ ನಿಜ’ ಎಂಬ ಸಾಲಿದೆ, ‘ಅ ನಿಜವಾದರೆ ಬ ನಿಜ’ ಎಂಬ ಸಾಲಿದೆ, ಹಾಗಾಗಿ ‘ಬ ನಿಜ’ ಎಂದು ಬರೆಯಬಹುದು. ಇಂಥ ನಿಯಮ. ಪ್ರತಿ ಸಾಲೂ ಒಂದೋ ಸ್ವಯಂಸಿದ್ಧ ಆಗಿರಬೇಕು, ಇಲ್ಲವೇ ಮೇಲಿನ ಸಾಲುಗಳಿಂದ ನಿಯಮದ ಪ್ರಕಾರ ಬಂದಿರಬೇಕು. ಬೇರೆ ದಾರಿ ಇಲ್ಲ.

ಇಷ್ಟಾದ ಮೇಲೆ ಎರಡು ರೀತಿ ಎಣಿಸಬಹುದು: ಒಟ್ಟು ಸಾಲು ಎಷ್ಟು, ಅಥವಾ ಒಟ್ಟು ಸಂಕೇತ ಎಷ್ಟು. ಒಂದೇ ಸಾಲು ಕೋಟಿ ಸಂಕೇತದಷ್ಟು ಉದ್ದ ಇರಬಹುದಾದ್ದರಿಂದ ಇವೆರಡೂ ಒಂದೇ ಅಲ್ಲ. ಬೇರೆ ಏನೂ ಹೇಳದಿದ್ದರೆ ನಾನು ಸಂಕೇತಗಳನ್ನು ಎಣಿಸುತ್ತಿದ್ದೇನೆ ಎಂದುಕೊಳ್ಳಿ.

1+1=2 ಅಂತ ತೋರಿಸೋಕೆ 300 ಪುಟ ಬೇಕಾಯ್ತಂತೆ, ನಿಜಾನಾ?

ಅರ್ಧ ನಿಜ. ವೈಟ್‌ಹೆಡ್ ಮತ್ತು ರಸೆಲ್ ಬರೆದ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ದ ಮೊದಲ ಸಂಪುಟ 1910ರಲ್ಲಿ ಬಂತು. ಅದರ 379ನೇ ಪುಟದಲ್ಲಿ ಒಂದು ಪ್ರಮೇಯವಿದೆ. ಕೂಡುವುದು ಅಂದರೇನು ಎಂದು ಮುಂದೆ ಹೇಳಿದ ಮೇಲೆ ಇದರಿಂದ 1+1=2 ಬರುತ್ತದೆ ಎಂದು ಅದರ ಕೆಳಗೆ ಬರೆದಿದ್ದಾರೆ. ನಿಜವಾಗಿ ಅದು ಬರುವುದು ಎರಡನೇ ಸಂಪುಟದಲ್ಲಿ.

ಆದರೆ ಆ ಪುಟಗಳೆಲ್ಲ 1+1=2ಕ್ಕೆ ಖರ್ಚಾದವು ಎನ್ನುವುದು ತಪ್ಪು. ಅವರು ತರ್ಕದಿಂದ ಇಡೀ ಗಣಿತವನ್ನು ಕಟ್ಟುತ್ತಿದ್ದರು. ಮನೆಗೆ ತಳಪಾಯ ಹಾಕಿದ ಖರ್ಚನ್ನೆಲ್ಲ ಒಂದು ಕಿಟಕಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ ಅಲ್ವಾ?

ಗಣಿತಜ್ಞ ಪಿಯಾನೋ ಅವರ ಹೆಸರಿನ ‘ಪಿಯಾನೋ ಅಂಕಗಣಿತ’ ಎಂಬ ಇನ್ನೊಂದು ವ್ಯವಸ್ಥೆ ತೆಗೆದುಕೊಳ್ಳಿ. ಅಲ್ಲಿ 0 ಇದೆ, ‘ಮುಂದಿನದು’ ಎಂಬ ಕ್ರಿಯೆ ಇದೆ. 1 ಎಂದರೆ 0ಯ ಮುಂದಿನದು, 2 ಎಂದರೆ 1ರ ಮುಂದಿನದು. ಕೂಡಲು ಎರಡೇ ಮಾತು: ಯಾವ ಸಂಖ್ಯೆಗೂ 0 ಕೂಡಿದರೆ ಅದೇ ಸಂಖ್ಯೆ, ‘ಅ’ ಜೊತೆ ‘ಬ’ದ ಮುಂದಿನದನ್ನು ಕೂಡಿದರೆ ಅ+ಬ ಇದರ ಮುಂದಿನದು ಬರುತ್ತದೆ. ಈಗ 1+1 ಎಂದರೆ 1+0 ಇದರ ಮುಂದಿನದು. ಅಂದರೆ 1ರ ಮುಂದಿನದು. ಅಂದರೆ 2. ಮುಗಿಯಿತು. ಉದ್ದ ಪ್ರಮೇಯದ ಗುಣ ಮಾತ್ರ ಅಲ್ಲ, ವ್ಯವಸ್ಥೆಯ ಗುಣವೂ ಹೌದು. ಕೆಳಗಿನ ಬಹುಪಾಲು ಉತ್ತರಗಳು ಈ ಮಾತಿನ ಮೇಲೇ ನಿಂತಿವೆ.

ಬರೀ ‘1’ ಬರೆಯೋಕೇ ಲಕ್ಷ ಕೋಟಿ ಸಂಕೇತ ಬೇಕು ಅಂತಾರಲ್ಲ, ಅದು ಹೇಗೆ ಸಾಧ್ಯ?

ಇದು ಬೂರ್ಬಾಕಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರೆಂಚ್ ಗಣಿತಜ್ಞರ ಗುಂಪಿನ ಕಥೆ. ತಮ್ಮ ಗಣ ಸಿದ್ಧಾಂತದಲ್ಲಿ ‘1’ ಅನ್ನು ಪೂರ್ತಿ ಬಿಡಿಸಿ ಬರೆದರೆ ಕೆಲವು ಹತ್ತು ಸಾವಿರ ಸಂಕೇತ ಆಗಬಹುದು ಎಂದು ಅವರು ಅಂದಾಜು ಮಾಡಿದ್ದರು. ಮಥಾಯಸ್ ಎಂಬ ಗಣಿತಜ್ಞರು ಕೂತು ಎಣಿಸಿದರು. ಅವರ ಲೆಕ್ಕ 2002ರಲ್ಲಿ ಪ್ರಕಟವಾಯಿತು: 4,523,659,424,929 ಸಂಕೇತ. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ಕೋಟಿ. ಮುಂದಿನ ಒಂದು ಆವೃತ್ತಿಯಲ್ಲಿ ಜೋಡಿ ಎಂಬುದರ ವ್ಯಾಖ್ಯೆ ಬದಲಾಯಿತು. ಆಗ ಅದು 55 ಅಂಕಿಗಳ ಸಂಖ್ಯೆಯಾಯಿತು.

ಕಾರಣ ಸರಳ. ಆ ವ್ಯವಸ್ಥೆಯಲ್ಲಿ ‘ಇಂಥದ್ದೊಂದು ಇದೆ’ ಎನ್ನಲು ಬೇರೆ ಚಿಹ್ನೆ ಇಲ್ಲ. ‘ಈ ಗುಣ ಇರುವ ಒಂದು ವಸ್ತು’ ಎಂದು ಸೂಚಿಸುವ ಒಂದು ಸಂಕೇತವಿದೆ. ಆ ವಸ್ತುವನ್ನು ಬರೆಯಲು ಗುಣದ ಇಡೀ ವಾಕ್ಯ ಬೇಕು. ಆಮೇಲೆ ಅದನ್ನು ಆ ವಾಕ್ಯದೊಳಗೇ, ಬೇಕಾದ ಪ್ರತಿ ಜಾಗದಲ್ಲೂ ತುಂಬಬೇಕು. ‘ಇದೆ’ಯೊಳಗೆ ‘ಇದೆ’, ಅದರೊಳಗೆ ಮತ್ತೊಂದು ‘ಇದೆ’ ಬಂದರೆ ಪ್ರತಿ ಸಲವೂ ಗಾತ್ರ ಪಟ್ಟು ಪಟ್ಟಾಗಿ ಬೆಳೆಯುತ್ತದೆ. ‘ಇದನ್ನು ಇನ್ನು ಮುಂದೆ 1 ಎನ್ನೋಣ’ ಎಂಬ ಚಿಕ್ಕ ಹೆಸರು ಎಷ್ಟು ಕೆಲಸ ಉಳಿಸುತ್ತದೆ ನೋಡಿ.

ಕಾಗದದ ಮೇಲೆ 10 ಪುಟ ಇರೋ ಪ್ರೂಫ್ ಕಂಪ್ಯೂಟರಿಗೆ ಹೇಳೋಕೆ ಎಷ್ಟು ಪುಟ ಆಗುತ್ತೆ?

ಈ ಅನುಪಾತಕ್ಕೆ ಡಿ ಬ್ರೌನ್ ಗುಣಾಂಕ ಎಂಬ ಹೆಸರಿದೆ. 1960ರ ದಶಕದ ಕೊನೆಯಲ್ಲಿ ಆಟೋಮ್ಯಾತ್ ಎಂಬ ಸಾಧನೆ ಪರೀಕ್ಷಿಸುವ ಭಾಷೆ ಕಟ್ಟಿದ ಡಚ್ ಗಣಿತಜ್ಞರ ಹೆಸರು ಅದು. ಅಳೆದ ಕೆಲವು ಉದಾಹರಣೆಗಳಲ್ಲಿ ಇದು ಸುಮಾರು 4 ಪಟ್ಟು ಬಂದಿದೆ. ಭಯಪಡುವಷ್ಟು ಏನಲ್ಲ. ಆದರೆ ಇದು ಮನುಷ್ಯರು ಟೈಪ್ ಮಾಡುವ ಭಾಗ ಮಾತ್ರ. ಒಳಗೆ ಸಾಫ್ಟ್‌ವೇರ್ ತುಂಬಿಕೊಳ್ಳುವ ಸಣ್ಣ ಸಣ್ಣ ಹೆಜ್ಜೆಗಳು ಎಷ್ಟೋ ಜಾಸ್ತಿ.

ಇನ್ನೊಂದು ಖರ್ಚು ಹಿನ್ನೆಲೆಯದು. ಫೈಟ್ ಮತ್ತು ಥಾಂಪ್ಸನ್ 1963ರಲ್ಲಿ ಪ್ರಕಟಿಸಿದ ಗುಂಪು ಸಿದ್ಧಾಂತದ (ಗ್ರೂಪ್ ಥಿಯರಿ) ಪ್ರಮೇಯದ ಸಾಧನೆ 255 ಪುಟ. ಜಾರ್ಜ್ ಗೊಂಥಿಯೇ ಅವರ ತಂಡ ಅದನ್ನು ಕಾಕ್ ಎಂಬ ಸಾಫ್ಟ್‌ವೇರಿನಲ್ಲಿ ಬರೆದು ಮುಗಿಸಲು ಆರು ವರ್ಷ ಬೇಕಾಯಿತು, 2012ರವರೆಗೆ. ಪ್ರಬಂಧದ ಓದುಗರಿಗೆ ಮೊದಲೇ ಗೊತ್ತಿರುತ್ತದೆ ಎಂದು ಬಿಟ್ಟಿದ್ದ ಬೀಜಗಣಿತವನ್ನೂ ಅವರು ಬುಡದಿಂದ ಕಟ್ಟಬೇಕಾಗಿತ್ತು.

## ಸ್ವಲ್ಪ ಒಳಗೆ ಹೋದವರು ಕೇಳುವವು

ಅನುಪ್ರಮೇಯ ಅನ್ನೋದು ಸುಮ್ನೆ ಅನುಕೂಲಕ್ಕೆ ತಾನೆ? ತೆಗೆದುಹಾಕಿದ್ರೆ ಏನಾಗುತ್ತೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಅನುಪ್ರಮೇಯ (ಲೆಮ್ಮಾ) ಎಂದರೆ ದೊಡ್ಡ ಸಾಧನೆಯಲ್ಲಿ ಮುಂದೆ ಬಳಸಲು ಮೊದಲೇ ಸಾಧಿಸಿಟ್ಟುಕೊಳ್ಳುವ ಸಣ್ಣ ಪ್ರಮೇಯ. ಒಂದು ಉದಾಹರಣೆಯನ್ನು ನಿಧಾನವಾಗಿ ಮಾಡೋಣ.

ನಮ್ಮ ಹತ್ತಿರ ಎರಡೇ ಮಾಹಿತಿ ಇದೆ. 0 ಗುಂಪಿನಲ್ಲಿದೆ. ಯಾವ ಸಂಖ್ಯೆ ಗುಂಪಿನಲ್ಲಿದ್ದರೂ ಅದರ ಮುಂದಿನದೂ ಗುಂಪಿನಲ್ಲಿದೆ. ಈಗ 10,48,576 ಗುಂಪಿನಲ್ಲಿದೆ ಎಂದು ಸಾಧಿಸಬೇಕು. ನೇರ ದಾರಿ: 0 ಇದೆ, ಹಾಗಾಗಿ 1 ಇದೆ, ಹಾಗಾಗಿ 2 ಇದೆ. ಹತ್ತು ಲಕ್ಷಕ್ಕೂ ಹೆಚ್ಚು ಹೆಜ್ಜೆ.

ಬುದ್ಧಿವಂತ ದಾರಿ: ಮೊದಲು ಒಂದು ಅನುಪ್ರಮೇಯ. ‘ಯಾವ ಸಂಖ್ಯೆ ಗುಂಪಿನಲ್ಲಿದ್ದರೂ ಅದಕ್ಕೆ 2 ಕೂಡಿದ್ದೂ ಇದೆ.’ ಕೊಟ್ಟ ನಿಯಮವನ್ನು ಎರಡು ಸಲ ಬಳಸಿದರೆ ಸಾಕು. ಈ ಅನುಪ್ರಮೇಯವನ್ನು ಎರಡು ಸಲ ಬಳಸಿದರೆ 4ರ ಜಿಗಿತ ಸಿಗುತ್ತದೆ. ಅದನ್ನು ಎರಡು ಸಲ ಬಳಸಿದರೆ 8ರ ಜಿಗಿತ. ಇಂಥ 20 ಅನುಪ್ರಮೇಯ ಆದಾಗ 10,48,576ರ ಜಿಗಿತ ಕೈಯಲ್ಲಿದೆ. 0ಯಿಂದ ಒಂದೇ ಸಲ ಹಾರಿದರೆ ಮುಗಿಯಿತು. ಹತ್ತು ಲಕ್ಷ ಹೆಜ್ಜೆಯ ಬದಲು ಕೆಲವು ಹತ್ತು ಸಾಲು.

ಇಲ್ಲಿಗೇ ನಿಲ್ಲುವುದಿಲ್ಲ. ಜಿಗಿತಗಳ ಬಗ್ಗೆಯೇ ಅನುಪ್ರಮೇಯ ಬರೆಯಬಹುದು. ಆಮೇಲೆ ಅವುಗಳ ಬಗ್ಗೆ ಇನ್ನೊಂದು. ಪ್ರತಿ ಮಹಡಿಯಲ್ಲೂ 2ರ ಘಾತದ ಮೇಲೆ ಇನ್ನೊಂದು 2ರ ಘಾತ ಏರುತ್ತದೆ.

ಜರ್ಮನಿಯ ಗೆರ್ಹಾರ್ಡ್ ಗೆಂಟ್ಸೆನ್ 1930ರ ದಶಕದ ಮಧ್ಯದಲ್ಲಿ ಒಂದು ಸುಂದರ ಪ್ರಮೇಯ ಕೊಟ್ಟರು. ಶುದ್ಧ ತರ್ಕದ ಯಾವ ಸಾಧನೆಯಿಂದಲಾದರೂ ಅನುಪ್ರಮೇಯ ಬಳಸುವ ನಿಯಮವನ್ನು ಪೂರ್ತಿ ತೆಗೆದುಹಾಕಬಹುದು ಎಂದು ಅದು ಹೇಳುತ್ತದೆ. ಆ ನಿಯಮಕ್ಕೆ ‘ಕಟ್’ ಎನ್ನುತ್ತಾರೆ. ಹಾಗಾದರೆ ಅನುಪ್ರಮೇಯ ಬೇಕಿಲ್ಲವೇ? ತಾತ್ವಿಕವಾಗಿ ಬೇಕಿಲ್ಲ. ಆದರೆ ಅದರ ಬೆಲೆ ಎಷ್ಟು ಎಂದು 1979ರಲ್ಲಿ ಸ್ಟಾಟ್ಮನ್ ಮತ್ತು ಒರೆವ್ಕೋವ್ ಬೇರೆ ಬೇರೆಯಾಗಿ ತೋರಿಸಿದರು. ಕಟ್ ತೆಗೆದರೆ ಕೆಲವು ಚಿಕ್ಕ ಸಾಧನೆಗಳು 2ರ ಮೇಲೆ 2, ಅದರ ಮೇಲೆ 2 ಎಂದು ಗೋಪುರದಷ್ಟು ಬೆಳೆಯುತ್ತವೆ. ಗೋಪುರದ ಎತ್ತರಕ್ಕೂ ಮಿತಿ ಇಲ್ಲ. ಅನುಪ್ರಮೇಯ ಇಲ್ಲದೆ ಗಣಿತ ನಿಜವಾಗಿರುತ್ತದೆ, ಆದರೆ ಬರೆಯಲು ಜಗತ್ತಿನಲ್ಲಿ ಜಾಗ ಇರುವುದಿಲ್ಲ.

ವ್ಯವಸ್ಥೆ ಬದಲಾಯಿಸಿದ್ರೆ ಉದ್ದ ಎಷ್ಟರಮಟ್ಟಿಗೆ ಕಡಿಮೆ ಆಗಬಹುದು?

ನೀವು ಊಹಿಸುವ ಯಾವ ಮಿತಿಯನ್ನೂ ಮೀರಿ. 1987ರಲ್ಲಿ ಜಾರ್ಜ್ ಬೂಲೋಸ್ ಒಂದು ಚಿಕ್ಕ ತರ್ಕದ ಲೆಕ್ಕ ಕೊಟ್ಟರು. ಐದು ಹೇಳಿಕೆ, ಅವುಗಳಿಂದ ಒಂದು ತೀರ್ಮಾನ. ವಸ್ತುಗಳ ಬಗ್ಗೆ ಮಾತ್ರ ಮಾತಾಡುವ ಮೊದಲ ದರ್ಜೆಯ ತರ್ಕದಲ್ಲಿ ಅದನ್ನು ಸಾಧಿಸಲು ಬೇಕಾದ ಸಂಕೇತಗಳು 65,536 ಸಲ 2ನ್ನು ಒಂದರ ಮೇಲೊಂದು ಘಾತವಾಗಿ ಪೇರಿಸಿದಷ್ಟು. ಗುಣಗಳ ಬಗ್ಗೆಯೂ ಮಾತಾಡಲು ಬಿಡುವ ಎರಡನೇ ದರ್ಜೆಯ ತರ್ಕದಲ್ಲಿ ಅದೇ ಸಾಧನೆ ಒಂದೆರಡು ಪುಟ. ಓದಿ ಅರ್ಥ ಮಾಡಿಕೊಳ್ಳಬಹುದು.

ಕುರ್ಟ್ ಗೋಡೆಲ್ 1936ರಲ್ಲೇ ಇದರ ಸಾಮಾನ್ಯ ರೂಪವನ್ನು ಪ್ರಕಟಿಸಿದ್ದರು. ಒಂದು ದರ್ಜೆ ಮೇಲೆ ಹೋದರೆ ಹೊಸ ಪ್ರಮೇಯಗಳು ಸಿಗುವುದು ಮಾತ್ರವಲ್ಲ, ಹಳೆಯ ಪ್ರಮೇಯಗಳಲ್ಲೂ ಕೆಲವಕ್ಕೆ ಅಪಾರವಾಗಿ ಚಿಕ್ಕ ಸಾಧನೆ ಸಿಗುತ್ತದೆ. ಆ ಲೇಖನದಲ್ಲಿ ಸಾಧನೆ ಇರಲಿಲ್ಲ. ಸ್ಯಾಮ್ ಬಸ್ 1994ರಲ್ಲಿ ಪೂರ್ತಿ ಸಾಧನೆ ಕೊಟ್ಟರು.

ಯಾಕೆ ಹೀಗಾಗುತ್ತದೆ ಎನ್ನುವುದಕ್ಕೆ ಎರೆನ್‌ಫಾಯ್ಷ್ಟ್ ಮತ್ತು ಮಿಚಿಯೆಲ್ಸ್ಕಿ 1971ರಲ್ಲಿ ಕೊಟ್ಟ ವಾದ ಪುಟ್ಟದು. ಅಂಕಗಣಿತವನ್ನು ಒಳಗೊಂಡ ನಿಮ್ಮ ವ್ಯವಸ್ಥೆಯಲ್ಲಿ ಸಾಧಿಸಲಾಗದ ಒಂದು ವಾಕ್ಯ ‘ಗ’ ತೆಗೆದುಕೊಳ್ಳಿ. ಅದನ್ನು ಹೊಸ ಸ್ವಯಂಸಿದ್ಧವಾಗಿ ಸೇರಿಸಿ. ಈಗ ಯಾವುದೇ ‘ಅ’ಗೆ, ‘ಗ ಅಥವಾ ಅ’ ಎಂಬುದು ಒಂದೆರಡು ಸಾಲಿನಲ್ಲಿ ಬರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಸಾಧ್ಯವಿದ್ದಾಗ ಅದರ ಉದ್ದಕ್ಕೆ ಲೆಕ್ಕ ಹಾಕಬಲ್ಲ ಒಂದು ಮಿತಿ ಇತ್ತು ಎನ್ನಿ. ಆಗ ಆ ಮಿತಿಯವರೆಗಿನ ಎಲ್ಲ ಸಾಧನೆಗಳನ್ನೂ ಹುಡುಕಿ, ‘ಗ ಸುಳ್ಳು ಎಂದುಕೊಂಡರೆ ಅ ಬರುತ್ತದೆಯೇ’ ಎಂದು ಕಂಪ್ಯೂಟರ್ ಯಾವಾಗಲೂ ತೀರ್ಮಾನಿಸಬಹುದಿತ್ತು. ಅಂಥ ತೀರ್ಮಾನ ಅಸಾಧ್ಯ ಎನ್ನುವುದು ಮೊದಲೇ ಗೊತ್ತು. ಹಾಗಾಗಿ ಮಿತಿ ಇಲ್ಲ.

‘ನನಗೆ ಚಿಕ್ಕ ಪ್ರೂಫ್ ಇಲ್ಲ’ ಅಂತ ತನ್ನ ಬಗ್ಗೆ ತಾನೇ ಹೇಳೋ ವಾಕ್ಯ ಇದೆಯಂತೆ?

ಇದೆ. ಗೋಡೆಲ್ 1931ರಲ್ಲಿ ತೋರಿಸಿದ ತಂತ್ರದಿಂದಲೇ ಕಟ್ಟಬಹುದು: ‘ಈ ವಾಕ್ಯಕ್ಕೆ ಪಿಯಾನೋ ಅಂಕಗಣಿತದಲ್ಲಿ 10ರ 100ನೇ ಘಾತಕ್ಕಿಂತ ಕಡಿಮೆ ಸಂಕೇತಗಳ ಸಾಧನೆ ಇಲ್ಲ.’

ಇದು ಸುಳ್ಳು ಎಂದುಕೊಳ್ಳಿ. ಆಗ ಅಂಥ ಚಿಕ್ಕ ಸಾಧನೆ ಇದೆ. ಅಂದರೆ ಪಿಯಾನೋ ಅಂಕಗಣಿತ ಒಂದು ಸುಳ್ಳನ್ನು ಸಾಧಿಸಿತು. ಅದು ಆಗದು. ಹಾಗಾಗಿ ವಾಕ್ಯ ನಿಜ. ಪಿಯಾನೋ ಅಂಕಗಣಿತ ಇದನ್ನು ಸಾಧಿಸಬಲ್ಲದೇ? ಬಲ್ಲದು. ಆ ಉದ್ದದೊಳಗಿನ ಸಂಕೇತಗಳ ಸಾಲುಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ, ಒಂದೊಂದಾಗಿ ನೋಡಿ ಯಾವುದೂ ಸಾಧನೆಯಲ್ಲ ಎಂದು ಪಟ್ಟಿ ಮಾಡಬಹುದು. ಆದರೆ ವಾಕ್ಯ ನಿಜವಾದ್ದರಿಂದ ಚಿಕ್ಕ ದಾರಿ ಯಾವುದೂ ಇಲ್ಲ.

ಮತ್ತೆ ನಾವು ಕೆಲವೇ ಸಾಲಿನಲ್ಲಿ ಹೇಗೆ ಸಾಧಿಸಿದೆವು? ಪಿಯಾನೋ ಅಂಕಗಣಿತವನ್ನು ನಾವು ನಂಬಿದೆವು. ಆ ನಂಬಿಕೆಯೇ ಹೊಸ ಸ್ವಯಂಸಿದ್ಧ. ‘ಈ ವ್ಯವಸ್ಥೆಯಲ್ಲಿ ವಿರೋಧ ಇಲ್ಲ’ ಎಂಬ ಒಂದು ಸಾಲು ಸೇರಿಸಿದರೆ ಅಷ್ಟೇ ಸಾಕು.

ಗುಡ್‌ಸ್ಟೀನ್ ಸರಣಿ 4ರಿಂದ ಶುರು ಮಾಡಿದ್ರೂ ಮುಗಿಯಲ್ಲ ಅನ್ನೋ ಹಾಗೆ ಓಡುತ್ತಲ್ಲ, ಅದು 0 ಮುಟ್ಟುತ್ತೆ ಅನ್ನೋಕೆ ಪ್ರೂಫೂ ಅಷ್ಟೇ ಉದ್ದ ಇರಬೇಕಾ?

ಬೇಕಿಲ್ಲ. ಸರಣಿ ಹೀಗೆ: ಸಂಖ್ಯೆಯನ್ನು 2ರ ಘಾತಗಳಲ್ಲಿ ಬರೆಯಿರಿ, ಘಾತಗಳನ್ನೂ ಹಾಗೆಯೇ. ಪ್ರತಿ 2ನ್ನೂ 3 ಮಾಡಿ, 1 ಕಳೆಯಿರಿ. ಆಮೇಲೆ ಪ್ರತಿ 3ನ್ನೂ 4 ಮಾಡಿ, 1 ಕಳೆಯಿರಿ. ಹೀಗೇ ಮುಂದೆ. ಈ 2, 3, 4 ಆಧಾರ ಸಂಖ್ಯೆಗಳು. 4ರಿಂದ ಶುರುವಾದ ಸರಣಿ 0 ಮುಟ್ಟುವಾಗ ಆಧಾರ ಸಂಖ್ಯೆ 12 ಕೋಟಿಗೂ ಹೆಚ್ಚು ಅಂಕಿಗಳಷ್ಟು ದೊಡ್ಡದು. ಸರಣಿಯನ್ನು ಓಡಿಸಿ ತೋರಿಸುವುದೂ ಒಂದು ಸಾಧನೆಯೇ, ಆದರೆ ಅದು ದಡ್ಡ ದಾರಿ. ಪಿಯಾನೋ ಅಂಕಗಣಿತದಲ್ಲೇ ಗಣಿತೀಯ ಅನುಗಮನವನ್ನು ಜಾಣತನದಿಂದ ಬಳಸಿದರೆ 4ಕ್ಕೆ ಚಿಕ್ಕ ಸಾಧನೆ ಇದೆ. ತೊಂದರೆ ಬರುವುದು ‘ಎಲ್ಲ ಸಂಖ್ಯೆಗಳಿಗೂ’ ಎಂದಾಗ. ಬೇರೆ ಬೇರೆಯಾಗಿ ಪ್ರತಿ ಸಂಖ್ಯೆಗೂ ಅಲ್ಲಿ ಸಾಧನೆ ಇದೆ. ಎಲ್ಲಕ್ಕೂ ಸೇರಿ ಒಂದು ಸಾಧನೆ ಇಲ್ಲ ಎಂದು ಕರ್ಬಿ ಮತ್ತು ಪ್ಯಾರಿಸ್ 1982ರಲ್ಲಿ ತೋರಿಸಿದರು.

## ಕಂಪ್ಯೂಟರ್ ಬಂದ ಮೇಲೆ ಕೇಳುವವು

200 ಟೆರಾಬೈಟ್ ಪ್ರೂಫ್ ಅಂತ ಸುದ್ದಿ ಬಂದಿತ್ತಲ್ಲ, ಅದರಲ್ಲಿ ಏನಿತ್ತು?

3, 4, 5 ನೆನಪಿದೆಯಲ್ಲ? 9+16=25. ಇಂಥ ಪೈಥಾಗೊರಸ್ ತ್ರಿವಳಿಗಳ ಬಗ್ಗೆ ಪ್ರಶ್ನೆ. 1, 2, 3 ಎಂದು ಸಂಖ್ಯೆಗಳಿಗೆ ಕೆಂಪು ಅಥವಾ ನೀಲಿ ಬಣ್ಣ ಕೊಡುತ್ತಾ ಹೋಗಿ. ಯಾವ ತ್ರಿವಳಿಯ ಮೂರೂ ಸಂಖ್ಯೆಗೆ ಒಂದೇ ಬಣ್ಣ ಬರಬಾರದು. ಎಲ್ಲಿಯವರೆಗೆ ಹೋಗಬಹುದು?

2016ರಲ್ಲಿ ಹ್ಯೂಲೆ, ಕುಲ್‌ಮನ್ ಮತ್ತು ಮಾರೆಕ್ ಉತ್ತರ ಕೊಟ್ಟರು. 7824ರವರೆಗೆ ಆಗುತ್ತದೆ, 7825ಕ್ಕೆ ಆಗುವುದಿಲ್ಲ. ಆಗುತ್ತದೆ ಎನ್ನಲು ಬಣ್ಣ ಹಚ್ಚಿ ತೋರಿಸಿದರೆ ಸಾಕು. ಆಗುವುದಿಲ್ಲ ಎನ್ನಲು ಎಲ್ಲ ದಾರಿಗಳೂ ಮುಚ್ಚಿವೆ ಎಂದು ತೋರಿಸಬೇಕು. ಟೆಕ್ಸಸ್‌ನ ಸೂಪರ್‌ಕಂಪ್ಯೂಟರಿನಲ್ಲಿ 800 ಕೋರ್‌ಗಳು ಸುಮಾರು ಎರಡು ದಿನ ಓಡಿ ಆ ಸಾಧನೆ ಬರೆದವು. ಅ+ಬ=ಕ ಆಗುವ ಸಂಖ್ಯೆಗಳಿಗೆಲ್ಲ ಒಂದೇ ಬಣ್ಣ ಬಾರದಂತೆ ಐದು ಬಣ್ಣಗಳಲ್ಲಿ ಎಲ್ಲಿಯವರೆಗೆ ಹೋಗಬಹುದು ಎನ್ನುವುದೇ ಐದನೇ ಶೂರ್ ಸಂಖ್ಯೆ. 2017ರಲ್ಲಿ ಹ್ಯೂಲೆ ಅದು 160 ಎಂದು ತೋರಿಸಿದಾಗ ಸಾಧನೆಯ ಗಾತ್ರ ಇನ್ನೂ ಹತ್ತು ಪಟ್ಟು, ಸುಮಾರು 2 ಪೆಟಾಬೈಟ್.

ಯಾರೂ ಓದಲಾಗದ ಪ್ರೂಫನ್ನ ಪ್ರೂಫ್ ಅಂತ ಹೇಗೆ ಒಪ್ಪೋದು?

ಹುಡುಕುವ ಪ್ರೋಗ್ರಾಮ್ ಬೇರೆ, ಪರೀಕ್ಷಿಸುವ ಪ್ರೋಗ್ರಾಮ್ ಬೇರೆ. ಎರಡನೆಯದು ಚಿಕ್ಕದು. ಸಾಲು ನಿಯಮದಂತೆ ಬಂದಿದೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಅದರ ಕೋಡನ್ನು ಮನುಷ್ಯರು ಓದಿ ನಂಬಬಹುದು.

ಮನುಷ್ಯರ ಪರೀಕ್ಷೆಗೂ ಮಿತಿ ಇದೆ. ಅಂಗಡಿಯವರು ಕಿತ್ತಳೆ ಹಣ್ಣು ಪೇರಿಸುವ ರೀತಿಗಿಂತ ಒತ್ತಾಗಿ ಗೋಲಗಳನ್ನು ಪೇರಿಸಲಾಗದು ಎಂದು ಕೆಪ್ಲರ್ ಹೇಳಿದ್ದನ್ನು ಥಾಮಸ್ ಹೇಲ್ಸ್ 1998ರಲ್ಲಿ ಸಾಧಿಸಿದರು. 12 ಜನ ಪರೀಕ್ಷಕರು ವರ್ಷಗಟ್ಟಲೆ ನೋಡಿ, ‘99% ಖಚಿತ, ಪೂರ್ತಿ ಪರೀಕ್ಷಿಸಲು ಆಗಲಿಲ್ಲ’ ಎಂದರು. ಹೇಲ್ಸ್ ಬಿಡಲಿಲ್ಲ. ತಂಡ ಕಟ್ಟಿಕೊಂಡು ಇಡೀ ಸಾಧನೆಯನ್ನು ಫಾರ್ಮಲ್ ಆಗಿ ಬರೆದು 2014ರಲ್ಲಿ ಮುಗಿಸಿದರು. ಆ ಹಟಕ್ಕೆ ನನ್ನ ನಮಸ್ಕಾರ.

ಕಂಪ್ಯೂಟರ್ ಬರೆದದ್ದೆಲ್ಲ ಓದಲಾಗದ್ದು ಎಂದೂ ತಿಳಿಯಬೇಡಿ. 2017ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಖರೆ ಗುಂಪು ಸಿದ್ಧಾಂತದ ಒಂದು ಪ್ರಶ್ನೆಯನ್ನು ಟೆರೆನ್ಸ್ ಟಾವೊ ಮುಂದಿಟ್ಟರು. ಹಲವರು ಸೇರಿ ಬಹಿರಂಗವಾಗಿ ಯೋಚಿಸತೊಡಗಿದರು. ಅದೇ ಸಂಸ್ಥೆಯ ಸಿದ್ಧಾರ್ಥ ಗಾಡ್ಗೀಳ್ ಅವರ ಪ್ರೋಗ್ರಾಮ್ ಒಂದು ಅಂದಾಜಿಗೆ ಸಾಲು ಸಾಲಾಗಿ ಸಾಧನೆ ಬರೆಯಿತು. ಪೇಸ್ ನೀಲ್ಸನ್ ಅದನ್ನು ಕೂತು ಓದಿ ಒಳಗಿದ್ದ ಉಪಾಯವನ್ನು ಹೆಕ್ಕಿದರು. ಕೆಲವೇ ದಿನಗಳಲ್ಲಿ ಇಡೀ ಪ್ರಶ್ನೆ ಬಗೆಹರಿಯಿತು.

ಮೂರು ಪಾರಿವಾಳ ಎರಡು ಗೂಡಿಗೆ ಒಂದೊಂದಾಗಿ ಹಿಡಿಸಲ್ಲ ಅನ್ನೋದು ಮಕ್ಕಳಿಗೂ ಗೊತ್ತು. ಅದಕ್ಯಾಕೆ ಕಂಪ್ಯೂಟರ್ ಒದ್ದಾಡುತ್ತೆ?

ಮಕ್ಕಳು ಎಣಿಸುತ್ತಾರೆ. ರೆಸಲ್ಯೂಷನ್ ಎಂಬ ಸಾಧನಾ ಪದ್ಧತಿಗೆ ಎಣಿಸುವುದು ಗೊತ್ತಿಲ್ಲ. ‘ಒಂದನೇ ಪಾರಿವಾಳ ಈ ಗೂಡಿನಲ್ಲಿ, ಇಲ್ಲವೇ ಆ ಗೂಡಿನಲ್ಲಿ’ ಎಂಬಂಥ ‘ಅಥವಾ’ ವಾಕ್ಯಗಳನ್ನು ಒಂದಕ್ಕೊಂದು ಹೊಡೆದುಹಾಕುವುದಷ್ಟೇ ಅದಕ್ಕೆ ಬರುವುದು. ಗೂಡುಗಳು ಹೆಚ್ಚಿದಂತೆ ಅಲ್ಲಿನ ಸಾಧನೆ ಘಾತೀಯವಾಗಿ ಬೆಳೆಯಲೇಬೇಕು ಎಂದು ಆರ್ಮಿನ್ ಹಾಕೆನ್ 1985ರಲ್ಲಿ ಸಾಧಿಸಿದರು. ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಎಂಬ ಪ್ರಮೇಯವನ್ನು ಸಾಧಿಸಿದವರಲ್ಲಿ ಒಬ್ಬರಾದ ವುಲ್ಫ್‌ಗ್ಯಾಂಗ್ ಹಾಕೆನ್ ಅವರ ಮಗ ಇವರು. ಎರಡು ವರ್ಷದ ನಂತರ ಸ್ಯಾಮ್ ಬಸ್ ಇನ್ನೊಂದು ಬದಿ ತೋರಿಸಿದರು: ಪಠ್ಯಪುಸ್ತಕದ ಸಾಮಾನ್ಯ ತರ್ಕ ಪದ್ಧತಿಯಲ್ಲಿ, ಅಂದರೆ ಫ್ರೇಗೆ ಪದ್ಧತಿಯಲ್ಲಿ, ಎಣಿಕೆಯನ್ನೇ ವಾಕ್ಯಗಳಾಗಿ ಬರೆಯಬಹುದು, ಆಗ ಚಿಕ್ಕ ಸಾಧನೆ ಸಿಗುತ್ತದೆ.

## ಆಳಕ್ಕೆ ಇಳಿದವರು ಕೇಳುವವು

ಚಿಕ್ಕ ಪ್ರೂಫ್ ಇದೆ ಅಂತ ಗೊತ್ತಿದ್ರೆ ಹುಡುಕೋದೂ ಸುಲಭ ಅಲ್ವಾ?

ಇದನ್ನೇ ಗೋಡೆಲ್ 1956ರ ಮಾರ್ಚಿನಲ್ಲಿ ಜಾನ್ ಫಾನ್ ನಾಯ್ಮನ್‌ಗೆ ಪತ್ರ ಬರೆದು ಕೇಳಿದರು. ನಾಯ್ಮನ್ ಆಗ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಒಂದು ವಾಕ್ಯಕ್ಕೆ ಇಷ್ಟು ಉದ್ದದೊಳಗೆ ಸಾಧನೆ ಇದೆಯೇ ಎಂದು ಯಂತ್ರ ತೀರ್ಮಾನಿಸಲು ಎಷ್ಟು ಹೆಜ್ಜೆ ಬೇಕು? ಉದ್ದದಷ್ಟೇ ಅಥವಾ ಅದರ ವರ್ಗದಷ್ಟು ಸಾಕಾದರೆ, ಗಣಿತಜ್ಞರ ಹೌದು-ಅಲ್ಲ ಪ್ರಶ್ನೆಗಳ ಯೋಚನೆಯನ್ನು ಯಂತ್ರಕ್ಕೇ ಬಿಡಬಹುದು ಎಂದು ಗೋಡೆಲ್ ಬರೆದರು. ಇದು ಇಂದಿನ ಪಿ-ಎನ್‌ಪಿ ಪ್ರಶ್ನೆಯೇ: ಉತ್ತರವನ್ನು ಬೇಗ ಪರೀಕ್ಷಿಸಬಹುದಾದ (ಎನ್‌ಪಿ) ಪ್ರಶ್ನೆಗಳನ್ನೆಲ್ಲ ಬೇಗ ಬಿಡಿಸಲೂ (ಪಿ) ಆಗುತ್ತದೆಯೇ? ಸ್ಟೀಫನ್ ಕುಕ್ ಅದನ್ನು ಪ್ರಕಟಿಸಿದ್ದು 1971ರಲ್ಲಿ. ಉತ್ತರ ಇನ್ನೂ ಸಿಕ್ಕಿಲ್ಲ.

ಸುಲಭವಲ್ಲ ಎಂಬುದಕ್ಕೆ ಬಲವಾದ ಸೂಚನೆ ಇದೆ. ಪಿ ಮತ್ತು ಎನ್‌ಪಿ ಬೇರೆ ಬೇರೆಯಾದರೆ, ಎಣಿಸಲು ಬಾರದ ಆ ರೆಸಲ್ಯೂಷನ್‌ನಲ್ಲೂ ಚಿಕ್ಕ ಸಾಧನೆಯನ್ನು ಬೇಗ ಹುಡುಕಲು ಆಗದು ಎಂದು ಅಟ್ಸೆರಿಯಾಸ್ ಮತ್ತು ಮುಲ್ಲರ್ 2019ರಲ್ಲಿ ತೋರಿಸಿದರು.

ಕೆಲವು ಕಡೆ ಅದೃಷ್ಟ ಕೈ ಹಿಡಿಯುತ್ತದೆ. ಪ್ರತಿ ಅವಿಭಾಜ್ಯ ಸಂಖ್ಯೆಗೂ ಅದು ಅವಿಭಾಜ್ಯ ಎನ್ನುವ ಚಿಕ್ಕ ಸಾಕ್ಷ್ಯ ಇದೆ ಎಂದು ವಾನ್ ಪ್ರಾಟ್ 1975ರಲ್ಲಿ ತೋರಿಸಿದರು. ಬೇಗ ತೀರ್ಮಾನಿಸುವ ಖಚಿತ ವಿಧಾನ ಬಂದದ್ದು 2002ರಲ್ಲಿ, ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರಿಂದ.

ಯಾವ ಪದ್ಧತಿಯಲ್ಲೂ ಚಿಕ್ಕ ಪ್ರೂಫ್ ಇಲ್ಲ ಅಂತ ತೋರಿಸೋಕೆ ಆಗುತ್ತಾ?

ಅದೇ ದೊಡ್ಡ ಕನಸು. ಕುಕ್ ಮತ್ತು ರೆಕ್‌ಹೌ 1979ರಲ್ಲಿ ದಾರಿ ಹಾಕಿಕೊಟ್ಟರು. ‘ಮತ್ತು’, ‘ಅಥವಾ’, ‘ಅಲ್ಲ’ ಮಾತ್ರ ಇರುವ ತರ್ಕದಲ್ಲಿ ಯಾವಾಗಲೂ ನಿಜವಾಗುವ ವಾಕ್ಯಗಳಿಗೆಲ್ಲ ಚಿಕ್ಕ ಸಾಧನೆ ಕೊಡುವ ಪದ್ಧತಿ ಯಾವುದೂ ಇಲ್ಲ ಎಂದು ತೋರಿಸಿದರೆ, ಪಿ ಮತ್ತು ಎನ್‌ಪಿ ಬೇರೆ ಎಂದೂ ಸಾಧಿಸಿದಂತೆ. ರೆಸಲ್ಯೂಷನ್ ಸೋತಿದೆ. ‘ಮತ್ತು’, ‘ಅಥವಾ’ಗಳು ಒಂದರೊಳಗೊಂದು ಬರುವ ಅಂತಸ್ತಿಗೆ ಮಿತಿ ಹಾಕಿದ ಪದ್ಧತಿಗಳೂ ಪಾರಿವಾಳದ ಮುಂದೆ ಸೋಲುತ್ತವೆ ಎಂದು ಮಿಕ್ಲೋಶ್ ಐತೈ 1988ರಲ್ಲಿ ತೋರಿಸಿದರು. ಮಿತಿ ಇಲ್ಲದ ಫ್ರೇಗೆ ಪದ್ಧತಿಯನ್ನು ಸೋಲಿಸುವ ಒಂದು ವಾಕ್ಯವೂ ಇನ್ನೂ ಸಿಕ್ಕಿಲ್ಲ.

ಇದನ್ನ ಕೈಯಲ್ಲೇ ಮಾಡಿ ನೋಡಬಹುದಾ?

ಖಂಡಿತ. ಮೂರು ಪಾರಿವಾಳ, ಎರಡು ಗೂಡು. ಪ್ರತಿ ಪಾರಿವಾಳಕ್ಕೆ ‘ಈ ಗೂಡು ಅಥವಾ ಆ ಗೂಡು’ ಎಂಬ ವಾಕ್ಯ: ಒಟ್ಟು 3. ಪ್ರತಿ ಗೂಡಿಗೆ, ಪ್ರತಿ ಜೋಡಿ ಪಾರಿವಾಳಕ್ಕೆ ‘ಇಬ್ಬರಲ್ಲಿ ಒಬ್ಬರಾದರೂ ಇಲ್ಲಿ ಇಲ್ಲ’ ಎಂಬ ವಾಕ್ಯ: ಒಟ್ಟು 6. ಈ 9 ವಾಕ್ಯದಿಂದ ವಿರೋಧ ತನ್ನಿ. ನಿಯಮ ಒಂದೇ: ಒಂದು ವಾಕ್ಯದಲ್ಲಿ ‘ಕ’ ಇದ್ದು ಇನ್ನೊಂದರಲ್ಲಿ ‘ಕ ಅಲ್ಲ’ ಇದ್ದರೆ ಅವೆರಡನ್ನೂ ತೆಗೆದು, ಉಳಿದದ್ದನ್ನು ‘ಅಥವಾ’ ಹಾಕಿ ಜೋಡಿಸಿ. ಏನೂ ಉಳಿಯದ ವಾಕ್ಯ ಬಂದಾಗ ನಿಲ್ಲಿಸಿ. ಒಂದು ಹಾಳೆ ಸಾಕು. ಆಮೇಲೆ ನಾಲ್ಕು ಪಾರಿವಾಳ, ಮೂರು ಗೂಡು. ಅಲ್ಲಿ 22 ವಾಕ್ಯದಿಂದ ಶುರು. ಎಷ್ಟು ಹಾಳೆ ಬೇಕಾಯಿತು ಎಂದು ಎಣಿಸಿಕೊಳ್ಳಿ.